ಕಾಲು ಭಾಗಕ್ಕಿಂತ ಕಡಿಮೆ

"ಸರ್, ನಾಕರಾಗ ಒಂದೂ ಉತ್ತರ ಖರೇ ಇಲ್ರಿ," ಎಂದು ಐದನೇ ತರಗತಿಯ ರೇಷ್ಮಾ ಎದ್ದು ನಿಂತಳು. ಶಹಾಬಾದಿನ ನಮ್ಮ ಶಾಲೆಯಲ್ಲಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗಾಗಿ ಭಿನ್ನರಾಶಿ ಕಲಿಸುತ್ತಿದ್ದೆ. ಒಂದು ಹಾಸುಗಲ್ಲನ್ನು ನಾಲ್ಕು ಸಮಭಾಗ ಮಾಡಿದರೆ ಒಂದು ತುಂಡು ಇಡೀ ಕಲ್ಲಿನ ಎಷ್ಟನೇ ಭಾಗ ಎಂಬುದು ಪ್ರಶ್ನೆ; ಆರಿಸಲು ನಾಲ್ಕು ಉತ್ತರ ಕೊಟ್ಟಿದ್ದೆ. ಪುಸ್ತಕದಲ್ಲಿ ಕೇಕ್ ಇತ್ತು. ಮಕ್ಕಳಿಗೆ ಬೇಗ ತಿಳಿಯಲೆಂದು ಕಲ್ಲು ಮಾಡಿದವನು ನಾನೇ.

ಕಾಲು ಭಾಗ ಎಂದೆ.

"ಕಾಲಿಗಿಂತ ಕಮ್ಮಿ ಬರ್ತದ್ರಿ. ಕೊಯ್ಯಾಗ ಮಶೀನು ಜರಾ ತಿಂತದ," ಎಂದಳು. ಅವಳ ಅಪ್ಪ ಕಲ್ಲು ಕೊಯ್ಯುವ ಕೆಲಸದವರು.

ಕಾಲು ಎನ್ನದಿದ್ದರೆ ಒಂದು ಅಂಕ ಹೋಗುತ್ತದೆ, ಒಂದು ಅಂಕಕ್ಕೆ ಸೀಟೂ ಹೋಗಬಹುದು ಎಂದು ತಿಳಿಸಿ ಹೇಳಿದೆ. ಅವಳು ಕಾಲು ಭಾಗಕ್ಕೇ ಗುರುತು ಹಾಕಿದಳು. ಒಪ್ಪಿಕೊಂಡಲ್ಲ, ನನ್ನ ಮೇಲಿನ ಕನಿಕರದಿಂದ.

ಮರುದಿನ ಪರೀಕ್ಷೆಯ ಅರ್ಜಿಗೆ ಸಹಿ ಹಾಕಲು ಅವಳ ಅಪ್ಪ ಕೆಲಸದಿಂದ ನೇರ ಬಂದರು. ಕುರ್ಚಿ ತೋರಿಸಿದೆ. "ಬ್ಯಾಡ್ರಿ ಸರ್, ಹೊಲಸಾಗ್ತದ," ಎಂದು ನಿಂತೇ ಸಹಿ ಮಾಡಿದರು. ರೆಪ್ಪೆಯಿಂದ ಚಪ್ಪಲಿಯವರೆಗೆ ಮೈಯೆಲ್ಲ ಕಲ್ಲಿನ ಬೂದು ಪುಡಿ.

ಅವರು ಹೋದ ಮೇಲೆ ಅರ್ಜಿಯ ಮೇಲೂ ಒಂದಿಷ್ಟು ಪುಡಿ ಉಳಿದಿತ್ತು. ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಭಾಗ ಅದು. ಊದದೆ ಹಾಗೆಯೇ ಲಕೋಟೆಗೆ ಹಾಕಿದೆ.