ಮೆಂತ್ಯದ ಕೋಟೆ

ನೆನೆದ ಮೆಂತ್ಯದ ವಾಸನೆ ಬಂದರೆ ನಿಮಗೆ ದೋಸೆ ನೆನಪಾಗಬಹುದು. ನನಗೆ ಇಂಗ್ಲೆಂಡಿನ ಒಂದು ಕೋಟೆ ನೆನಪಾಗುತ್ತದೆ. ನಗಬೇಡಿ. ನಾನು ಬೆಳೆದದ್ದು ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನಲ್ಲಿ. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅಮ್ಮ ಹಳೇ ಪೇಪರು ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ಮೈಸೂರಿನಲ್ಲಿ ಅವಳಜ್ಜಿ ಬುಟ್ಟಿ ಮಾಡುತ್ತಿದ್ದ ಹದದಲ್ಲೇ ಗರಾಜಿನ ನೆಲದ ಮೇಲೆ ಕೋಟೆ ಕಟ್ಟಲು ಕೂರುತ್ತಿದ್ದಳು. ದಸರೆ ಗೊಂಬೆ ಕೂರಿಸುವಾಗ ಬೇರೆ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಪಾರ್ಕೋ ಝೂವೋ ಇರುತ್ತಿತ್ತು. ನಮ್ಮ ಮನೆಯಲ್ಲಿ ಆ ಕೋಟೆ.

ಟೆಕ್ಸಸ್ಸಿಗೆ ಬರುವ ಮೊದಲು ಅಪ್ಪನ ಕೆಲಸ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿತ್ತು. ಅಲ್ಲಿ ಕೋಟೆ ಇದೆಯೆಂದು ಕೇಳಿ ಅಮ್ಮ ನೋಡಲು ಹೋದರೆ ಬರೀ ಹುಲ್ಲಿನ ದಿಬ್ಬ. ಕೋಟೆ ಎಲ್ಲಿ ಎಂದು ಪಕ್ಕದ ಮನೆಯ ಮುದುಕಿಯನ್ನು ಕೇಳಿದಳಂತೆ. ಆಕೆ ತನ್ನ ಹಿತ್ತಲ ಗೋಡೆ ತೋರಿಸಿದಳಂತೆ. ಆಕೆ ಹೇಳಿದ ಕೋಟೆಯ ಕಥೆ ಇದು: ಮೊದಲು ಮಣ್ಣಿನ ಗುಡ್ಡೆ, ಮರದ ಬೇಲಿ, ಆಮೇಲೆ ಕಲ್ಲಿನ ಗೋಪುರ. ಅಲ್ಲಿಯ ಸರದಾರ ದೊರೆಗೆ ತಿರುಗಿಬಿದ್ದ. ಮುತ್ತಿಗೆಯಲ್ಲಿ ಒಳಗಿದ್ದವರು ಕುದುರೆಗಳನ್ನೂ ತಿಂದು ಕೊನೆಗೆ ಬಾಗಿಲು ತೆರೆದರು. ದೊರೆ ಕೋಟೆ ಕೆಡವಿಸಿದ. ಊರವರು ಕಲ್ಲು ಹೊತ್ತುಕೊಂಡು ಹೋಗಿ ಮನೆ, ಕೊಟ್ಟಿಗೆ, ಸೇತುವೆ ಕಟ್ಟಿಕೊಂಡರು. ಒದ್ದೆ ಗೋಡೆ ತಟ್ಟುತ್ತಾ ಅಮ್ಮ ಪ್ರತಿ ವರ್ಷ ಇದನ್ನೇ ಹೇಳುತ್ತಿದ್ದಳು, ಪ್ರತಿ ವರ್ಷ ಕುದುರೆ ತಿನ್ನುವಲ್ಲಿಗೆ ಬಂದಾಗ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಒಂದು ವರ್ಷ ದಸರೆಗೆ ಮುಂಚೆ ಮಳೆಗೆ ಹಿತ್ತಲ ಹಿಂದಿನ ಹಳ್ಳ ಉಕ್ಕಿ ಮನೆಯೊಳಗೇ ಬಂತು. ಪಟ್ಟದ ಗೊಂಬೆಗಳನ್ನು ಅಟ್ಟಕ್ಕೇರಿಸಿದೆವು. ಒಣಗುತ್ತಿದ್ದ ಕೋಟೆ ನೆಲದ ಮೇಲೇ ಉಳಿಯಿತು. ನೀರು ಇಳಿದಾಗ ಗೋಪುರ ಗಂಜಿಯಾಗಿತ್ತು. ಗೋಡೆಗಳಿಗೆ ಕಪ್ಪು ಬೂಷ್ಟು ಹಿಡಿಯಿತು, ಅಮ್ಮನಿಗೆ ಕೆಮ್ಮು ಹಿಡಿಯಿತು. ಆ ಮನೆಯೊಳಗೆ ಕಾಲಿಡಕೂಡದು ಎಂದರು ಡಾಕ್ಟರು. ಪ್ರವಾಹದ ಜಾಗವೆಂದು ಮನೆಯನ್ನು ಸರ್ಕಾರವೇ ಕೊಂಡು ಕೆಡವುತ್ತದೆ ಎಂದಾಯಿತು. ಅಪ್ಪ ಮಾತ್ರ ಟೇಪು ಹಿಡಿದು ಹೊಸ ಗೋಡೆಗೆ ಅಳತೆ ಮಾಡುತ್ತಲೇ ಇದ್ದರು. ಹುಬ್ಬಳ್ಳಿ ಕಡೆಯ ಗಿರಿಜಾ ಆಂಟಿ, ಅಮ್ಮನ ಜೀವದ ಗೆಳತಿ, ನಮ್ಮ ದೇವರ ಕೋಣೆಯ ಬಾಗಿಲನ್ನು ನೆನಪಿಗೆಂದು ಕೇಳಿದಾಗ ಅಪ್ಪ ಅಡ್ಡ ನಿಂತರು.

"ಮನೆ ಇನ್ನೂ ನಿಂತಿದೆ. ಆಗ್ಲೇ ಕೀಳೋಕೆ ಬಂದ್ರಾ?"

ಕಾರಿನಲ್ಲೇ ಕೂತಿದ್ದ ಅಮ್ಮ ಕಿಟಕಿ ಇಳಿಸಿದಳು. "ರೀ, ಬಿಡಿ. ತೊಗೊಂಡು ಹೋಗ್ಲಿ. ಆ ಕೋಟೇಲೂ ಜನ ಹೊತ್ಕೊಂಡು ಹೋಗಿದ್ದೇ ಉಳಿದಿದ್ದು."

ಅಪ್ಪ ಟೇಪು ಕೆಳಗಿಟ್ಟರು. ಆಮೇಲೆ ಸ್ಕ್ರೂಡ್ರೈವರ್ ತಂದು ತಾವೇ ಕೀಲು ಬಿಚ್ಚಿದರು.

ನಾವು ರೌಂಡ್ ರಾಕ್‌ಗೆ ಶಿಫ್ಟ್ ಆದೆವು. ಮುಂದಿನ ದಸರೆಗೆ ಅಮ್ಮ ಇರಲಿಲ್ಲ. ಬಾಗಿಲು ಡಲ್ಲಾಸಿನಲ್ಲಿ ಆಂಟಿಯ ಮನೆ ಸೇರಿತ್ತು. ಅದರ ಮೇಲೆ ಅಮ್ಮ ಹಚ್ಚಿದ್ದ ಅರಿಶಿನದ ಬೆರಳ ಗುರುತುಗಳು ಹಾಗೇ ಇದ್ದವು. "ನಿಮ್ಮವ್ವನ ಕೈ ಅದು," ಎಂದಿದ್ದರು ಆಂಟಿ. "ಒರಸಾಕ ಯಾರಿಗೂ ಬಿಟ್ಟಿಲ್ಲ ನೋಡಪಾ." ಹೋದ ವರ್ಷ ಆಂಟಿಯೂ ಹೋದರು. ಮನೆ ಮಾರಾಟವಾಯಿತು. ಕೊಂಡವರು ಆ ಬಾಗಿಲೂ ಸೇರಿ ಒಳಗಿನದನ್ನೆಲ್ಲ ಕಿತ್ತು ಎಸೆದರು. ನನಗೆ ಸುದ್ದಿ ಬಂದದ್ದು ಆಮೇಲೆ.

ಮೊನ್ನೆ ಮಗಳನ್ನು ಪೇರ್ಲ್ಯಾಂಡಿಗೆ ಕರೆದುಕೊಂಡು ಹೋಗಿದ್ದೆ. ಆ ಬೀದಿಯಲ್ಲಿ ಈಗ ಸಮತಟ್ಟಾಗಿ ಕತ್ತರಿಸಿದ ಹುಲ್ಲು, ದಿಬ್ಬವೂ ಇಲ್ಲ. "ವೇರ್ ವಾಸ್ ಇಟ್, ಅಪ್ಪಾ?" ಎಂದಳು. ಬೆರಳು ಎತ್ತಿದೆ, ಎಲ್ಲಿಗೆ ತೋರಿಸಬೇಕೋ ತಿಳಿಯದೆ ಇಳಿಸಿದೆ. ಇಂಗ್ಲೆಂಡಿನ ಆ ಮುದುಕಿಗೆ ತೋರಿಸಲು ಒಂದು ಹಿತ್ತಲ ಗೋಡೆಯಾದರೂ ಇತ್ತು.