ಎಳೆ ಬಾಗಿದ್ದನ್ನು ಕಂಡವರು: ಡಾ. ಸುಭಾಷಿಣಿ ಕೆದ್ಲಾಯರು

ಡಿಎನ್‌ಎಯ ಲಕ್ಷಾಂತರ ಅಕ್ಷರಗಳ ನಡುವೆ ತನಗೆ ಬೇಕಾದ ಪುಟ್ಟ ತಾಣವನ್ನು ಒಂದು ಪ್ರೋಟೀನು ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಬಿಡದೆ ಕೇಳುತ್ತ, ಕೇಳಿದಷ್ಟೂ ಬೆರಗಾಗುತ್ತ, ಆ ಬೆರಗನ್ನು ಎರಡು ತಲೆಮಾರಿನ ವಿದ್ಯಾರ್ಥಿಗಳಿಗೆ ದಾಟಿಸಿದವರು ಡಾ. ಸುಭಾಷಿಣಿ ಕೆದ್ಲಾಯರು. ಕಾಪುವಿನಲ್ಲಿ ಹುಟ್ಟಿ, ಕಾರ್ಕಳದಲ್ಲಿ ರಸಾಯನಶಾಸ್ತ್ರ ಕಲಿಸಿ, ನಡುವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಸಂಶೋಧನೆ ಮುಗಿಸಿ ಬಂದ ಅವರು ಮಣಿಪಾಲದ ಪ್ರಯೋಗಾಲಯವನ್ನು ಸೇರಿದ್ದು 1972ರಲ್ಲಿ.

ಆಗ ಅಲ್ಲಿ ಶೀತಕೋಣೆ ಇರಲಿಲ್ಲ. ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ಪ್ರೋಟೀನು ಕೋಣೆಯ ಸೆಕೆಗೆ ಕೆಡುತ್ತಿದ್ದುದರಿಂದ ಕೆದ್ಲಾಯರು ಉಡುಪಿಯ ಮನೆಯಿಂದ ಬೆಳಗಿನ ಬಸ್ಸು ಹಿಡಿದು ಮಲ್ಪೆಯ ಮಂಜುಗಡ್ಡೆ ಕಾರ್ಖಾನೆಗೆ ಹೋಗುತ್ತಿದ್ದರು. ಮೀನಿನ ಲಾರಿಗಳ ನಡುವೆ ಸೀರೆಯ ನೆರಿಗೆ ಎತ್ತಿಕೊಂಡು ನಿಂತ ಅಧ್ಯಾಪಕಿಯನ್ನು ಕಂಡು ಅಲ್ಲಿನ ಮೇಲ್ವಿಚಾರಕ ಅಲೆಕ್ಸಾಂಡರ್ ಮೊದಲ ದಿನ ಕೇಳಿದ್ದರಂತೆ: "ಐಸು ಕೊಡುವ, ಆದರೆ ಮೀನು ಎಲ್ಲಿ ಉಂಟು ಟೀಚರ್?"

"ಮೀನಲ್ಲ, ಪ್ರೋಟೀನು."

"ಅದೂ ಹಾಳಾಗ್ತದಾ?"

"ಮೀನಿಗಿಂತ ಬೇಗ ಮಾರಾಯ್ರೆ!"

ಅಂದಿನಿಂದ ಗೋಣಿ ಸುತ್ತಿದ ಒಂದು ಗಡ್ಡೆ ಅವರಿಗಾಗಿ ಕಾದಿರುತ್ತಿತ್ತು.

ತರಗತಿಯಲ್ಲಿ ಅವರ ವಿಧಾನವೇ ಬೇರೆ. ವಿದ್ಯಾರ್ಥಿಯೊಬ್ಬರಿಗೆ ಕಣ್ಣು ಮುಚ್ಚಲು ಹೇಳಿ, ಆ ವಿದ್ಯಾರ್ಥಿಯ ಮನೆಯ ಕೀಲಿಯೂ ಸೇರಿದ್ದ ಬೀಗದ ಕೈಗಳ ಗೊಂಚಲು ಕೊಟ್ಟು, ಅದನ್ನು ಬೆರಳಿನಿಂದಲೇ ಹುಡುಕಲು ಹೇಳುತ್ತಿದ್ದರು. ಪ್ರೋಟೀನು ಡಿಎನ್‌ಎಯ ಸುರುಳಿ ಏಣಿಯನ್ನು ಬಿಚ್ಚುವುದಿಲ್ಲ. ಹೊರಗಿನ ಕಣಿವೆಯಲ್ಲಿ ಕೈಯಿಟ್ಟು ಮೆಟ್ಟಿಲುಗಳ ಅಂಚನ್ನು ಮುಟ್ಟಿಯೇ ಓದಿಬಿಡುತ್ತದೆ ಎನ್ನುವಾಗ ಅವರ ದನಿ ತಾನಾಗಿಯೇ ತಗ್ಗುತ್ತಿತ್ತು.

ಅವರ ಸೇವಾವಧಿಯ ಅತಿ ಕಠಿಣ ದಿನಗಳು ಬಂದದ್ದು 1984ರ ಮಳೆಗಾಲದಲ್ಲಿ. ಕಾರ್ಕಳದ ಲಿಡ್ವಿನ್ ಎಂಬ ತರುಣಿ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟಿಗೆ ದುಡಿಯುತ್ತಿದ್ದರು. ಒಂದೇ ಉದ್ದದ ಐದು ಡಿಎನ್‌ಎ ತುಂಡುಗಳು. ಪ್ರತಿಯೊಂದರಲ್ಲೂ ಅದೇ ಪ್ರೋಟೀನು ಕೂರುವ ಅದೇ ತಾಣ, ಆದರೆ ಒಂದರಲ್ಲಿ ಅದು ತುದಿಯಲ್ಲಿ, ಇನ್ನೊಂದರಲ್ಲಿ ನಟ್ಟನಡುವೆ. ಬರಿಯ ತುಂಡುಗಳನ್ನು ವಿದ್ಯುತ್ತಿನ ಸೆಳೆತದಲ್ಲಿ ಬಲೆಯಂಥ ಜೆಲ್ಲಿನೊಳಗೆ ಓಡಿಸಿದರೆ ಐದೂ ಸಮನಾಗಿ ಓಡಿದವು. ಪ್ರೋಟೀನು ಕೂತ ಮೇಲೆ ಮಾತ್ರ ಐದೂ ಬೇರೆ ಬೇರೆ ಕಡೆ ನಿಂತವು. ಪರಿಶೀಲನಾ ಸಮಿತಿಯ ಹೊರ ಊರಿನ ಹಿರಿಯರೊಬ್ಬರು ಎಕ್ಸ್‌ರೇ ಹಾಳೆಯಲ್ಲಿ ತುಂಡುಗಳು ನಿಂತ ಕಡೆ ಮೂಡಿದ ಕಪ್ಪು ಗೆರೆಗಳನ್ನು ನೋಡಿ, ಪ್ರೋಟೀನು ಶುದ್ಧವಿಲ್ಲ, ಹೊಂದದ ತುಂಡುಗಳನ್ನು ಕೈಬಿಟ್ಟು ಪ್ರಬಂಧ ಬರೆಯಿರಿ, ಇಲ್ಲವಾದರೆ ಒಪ್ಪಿಗೆ ಕೊಡಲಾರೆ ಎಂದು ಹೇಳಿಹೋದರು.

"ಬಿಟ್ಟುಬಿಡುವನಾ ಮೇಡಂ?" ಎಂದರು ಲಿಡ್ವಿನ್. ಅವರ ವಿದ್ಯಾರ್ಥಿವೇತನ ಮುಗಿಯುತ್ತ ಬಂದಿತ್ತು.

"ಕಂಡದ್ದನ್ನು ಬಿಡುವುದು ಹೇಗೆ?" ಎಂದ ಕೆದ್ಲಾಯರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಉದ್ದ ಒಂದೇ, ಪ್ರೋಟೀನು ಒಂದೇ. ಬೇರೆ ಎಂತ ಉಂಟು? ಜಾಗ ಮಾತ್ರ ಅಲ್ವಾ?" ಗೆರೆಗಳನ್ನು ತಾಣದ ಕ್ರಮದಲ್ಲಿ ನೋಡುತ್ತ ಹೋದಂತೆ ಅವರ ಕೈ ನಿಂತಿತು. ತಾಣ ತುದಿಯಲ್ಲಿದ್ದದ್ದು ಬೇಗ ಓಡಿತ್ತು. ನಡುವಿಗೆ ಬಂದಷ್ಟೂ ಓಟ ನಿಧಾನವಾಗಿತ್ತು. ಅವರು ಮೂಲೆಯಲ್ಲಿದ್ದ ಕಸ ಗುಡಿಸುವ ಹಿಡಿಸೂಡಿಯಿಂದ ಎರಡು ಕಡ್ಡಿ ಎಳೆದು, ಒಂದನ್ನು ತುದಿಯಲ್ಲಿ, ಇನ್ನೊಂದನ್ನು ನಡುವೆ ಬಗ್ಗಿಸಿ, ಕಿಟಕಿಯ ಬಲೆಯ ಹರಕಿನಲ್ಲಿ ತೂರಿಸಿದರು. ತುದಿ ಬಾಗಿದ್ದು ಜಾರಿಹೋಯಿತು. ನಡು ಬಾಗಿದ್ದು ಸಿಕ್ಕಿಕೊಂಡಿತು.

"ಲಿಡ್ವಿನ್, ಅದು ಕೂತದ್ದು ಮಾತ್ರ ಅಲ್ಲ. ಎಳೆಯನ್ನು ಬಗ್ಗಿಸಿದೆ!"

ಆದರೆ ಕಡ್ಡಿಯ ಆಟ ಪುರಾವೆಯಾಗದೆಂದು ಅವರಿಗೆ ಗೊತ್ತಿತ್ತು. ತಾಣವನ್ನು ಎರಡು ಹಳೆಯ ಸ್ಥಾನಗಳ ನಡುವೆ ಇಟ್ಟ ಹೊಸ ತುಂಡೊಂದನ್ನು ಮಾಡಿಸಿದರು. "ಇದರ ಗೆರೆ ಆ ಎರಡರ ಮಧ್ಯೆ ನಿಲ್ಲಬೇಕು. ನಿಲ್ಲದಿದ್ದರೆ ಅವರು ಹೇಳಿದ್ದೇ ಸರಿ, ನಾನೇ ಹೋಗಿ ಒಪ್ಪಿಕೊಳ್ತೇನೆ" ಎಂದರು. ಹಾಳೆಯ ಮೇಲೆ ಗೆರೆ ಮೂಡಿಸಲು ಮುಂಬಯಿಯಿಂದ ತರಿಸಿದ ವಿಕಿರಣ ರಂಜಕದ ಕಸುವು ದಿನದಿನಕ್ಕೂ ಕುಂದುತ್ತಿತ್ತು. ಮತ್ತೊಮ್ಮೆ ತರಿಸುವಷ್ಟು ಅನುದಾನವಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಕತ್ತಲೆಕೋಣೆಯಿಂದ ನೀರಿಳಿಯುವ ಹಾಳೆಯನ್ನು ಹಿಡಿದು ಬಂದ ಲಿಡ್ವಿನ್ ಬೆರಳಿಟ್ಟು ತೋರಿಸಿದರು. ಮಸುಕಾದ ಗೆರೆ ಹೇಳಿದ ಜಾಗದಲ್ಲೇ ನಿಂತಿತ್ತು. ಕೆದ್ಲಾಯರು ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, ಕುರ್ಚಿಯಲ್ಲಿ ಕುಳಿತುಬಿಟ್ಟರು. ಕಣ್ಣಿಗೆ ಎಂದೂ ಕಾಣದ ಒಂದು ಎಳೆ, ಎಂದೂ ಕಾಣದ ಒಂದು ಕೈಯಲ್ಲಿ ಬಾಗಿದ್ದು ಅವರ ಮೇಜಿನ ಮೇಲೆ ಗೆರೆಯಾಗಿ ಬಿದ್ದಿತ್ತು.

ಇದನ್ನು ಪ್ರಕಟಣೆಗೆ ಬರೆದು ಕಳುಹಿಸುವ ಮೊದಲೇ ಹಡಗಿನ ಅಂಚೆಯಲ್ಲಿ ತಡವಾಗಿ ಬಂದ ವಿದೇಶದ ಪತ್ರಿಕೆಯಲ್ಲಿ ಅದೇ ಬಗೆಯ ಪ್ರಯೋಗ, ಅದೇ ಉತ್ತರ ಅಚ್ಚಾಗಿತ್ತು.

"ನಮ್ಮದು ಹೋಯಿತು ಮೇಡಂ" ಎಂದು ಲಿಡ್ವಿನ್ ಅತ್ತರು. ಕೆದ್ಲಾಯರಿಗೂ ನೋವಾಗದೆ ಇರಲಿಲ್ಲ. ಆದರೂ ಆ ಪುಟವನ್ನೂ ತಮ್ಮ ಹಾಳೆಯನ್ನೂ ಒತ್ತಿಗಿಟ್ಟು ನೋಡಿದರು. "ಹೋದದ್ದು ಎಂತ? ಅಲ್ಲಿ ಬಾಗಿದ್ದು ಇಲ್ಲಿಯೂ ಬಾಗಿತಲ್ಲ! ನಮ್ಮನ್ನು ಕೇಳಿ ಬಾಗುತ್ತದಾ ಅದು?" ಎನ್ನುವಾಗ ಅವರ ಮುಖ ಅರಳಿತ್ತು.

ಮರುವರ್ಷದ ಮೌಖಿಕ ಪರೀಕ್ಷೆಯಲ್ಲಿ ಅದೇ ಹಿರಿಯರು ಆರು ಗೆರೆಗಳನ್ನೂ ಪರೀಕ್ಷಿಸಿ, "ಇದನ್ನು ಬಿಡಲು ಹೇಳಿದ್ದೆ, ನೀವು ಬಿಡದಿದ್ದದ್ದು ಒಳ್ಳೆಯದಾಯಿತು" ಎಂದು ಸಹಿ ಹಾಕಿದರು. ಲಿಡ್ವಿನ್ ಇಂದು ಅದೇ ಪ್ರಯೋಗಾಲಯದ ಅಧ್ಯಾಪಕಿ.

ಈ 1989ರಲ್ಲಿ ನಿವೃತ್ತರಾಗುತ್ತಿರುವ ಕೆದ್ಲಾಯರಿಗೆ ಏನು ಉಡುಗೊರೆ ಕೊಡೋಣವೆಂದು ಸಹೋದ್ಯೋಗಿಗಳು ಕೇಳಿದಾಗ ಅವರು ಬಯಸಿದ್ದು ಪ್ರಯೋಗಾಲಯದಲ್ಲಿ ಒಂದು ಮೇಜು, ಅಷ್ಟೇ. ಅಷ್ಟು ಉದ್ದದ ಎಳೆಯಲ್ಲಿ ಪ್ರೋಟೀನು ತನ್ನ ತಾಣವನ್ನು ಅಷ್ಟು ಬೇಗ ತಲುಪುವುದು ಹೇಗೆಂದು ಅವರಿಗಿನ್ನೂ ಸಮಾಧಾನವಾಗಿಲ್ಲ. ಮೇಜನ್ನು ಲಿಡ್ವಿನ್ ಕಿಟಕಿಯ ಬಳಿಯೇ ಹಾಕಿಸಿದ್ದಾರೆ. ಉಡುಪಿಯ ಶ್ರೀಕೃಷ್ಣನ ಕೃಪೆಯಿಂದ ಅವರ ಆಯುರಾರೋಗ್ಯ ವೃದ್ಧಿಸಲಿ, ಆ ಮೇಜು ಬಹುಕಾಲ ತೆರವಾಗದಿರಲಿ.