ಬಾವಿಯ ಆಮೆಗೆ ಗಡೀಪಾರು

ಆಮೆಗೆ ವೇಳಾಪಟ್ಟಿ ಎಂಬುದಿಲ್ಲ. ಮಾಂಬಳ್ಳಿಯಲ್ಲಿ ಹೆಡ್‌ಮಾಸ್ತರನಾಗಿದ್ದಾಗ ನಾನು ಐದಕ್ಕೆ ಎದ್ದು, ಐದೂಕಾಲಿಗೆ ಹಿತ್ತಲ ಬಾವಿಯಲ್ಲಿ ನೀರು ಸೇದಿ, ದಶಾವತಾರದ ಶ್ಲೋಕ ಹೇಳುತ್ತ ಸ್ನಾನ ಮಾಡುವವನು. ಬಾವಿಯೊಳಗಿನ ಆಮೆ ಒಂದು ದಿನ ಏಳಕ್ಕೆ ತಲೆಯೆತ್ತಿದರೆ ಮರುದಿನ ಮಧ್ಯಾಹ್ನವಾದರೂ ಪತ್ತೆಯಿಲ್ಲ. ಹುಳುಹುಪ್ಪಟೆ ತಿಂದು ನೀರನ್ನು ಚೊಕ್ಕಟವಾಗಿಡಲೆಂದು ನಮ್ಮ ಕಡೆ ಬಾವಿಗೆ ಆಮೆ ಬಿಡುವುದು ವಾಡಿಕೆ. ಚೊಕ್ಕಟದ ಅಧಿಕಾರಿಯೇ ಹೀಗೆ ಶಿಸ್ತುಗೆಟ್ಟರೆ ಹೇಗೆಂದು ನನಗೆ ಅಸಮಾಧಾನ.

ಒಂದು ಬೇಸಗೆಯ ಶನಿವಾರ ಅದನ್ನು ಬುಟ್ಟಿಯಲ್ಲಿ ಮೇಲೆತ್ತಿಸಿ, ನೀರು ಶುದ್ಧವಾಗಲೆಂದು ಬಾವಿಗೆ ಒಂದು ಮಂಕರಿ ಸುಣ್ಣ ಸುರಿಸಿದೆ. ಊರಿಗೆ ಹೊರಟಿದ್ದ ನಮ್ಮ ಶಾಲೆಯ ಮಾರ್ಟಳ್ಳಿಯ ಸವರಿಮುತ್ತು ಮೇಷ್ಟ್ರು, ದಾರಿಯಲ್ಲಿ ಕೊಳ್ಳೇಗಾಲದಲ್ಲಿಳಿದು ಅದನ್ನು ಹೊಳೆಗೆ ಬಿಡುವುದೆಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಬೆಟ್ಟದಿಂದ ಜೇನು ತಂದ ಸೋಲಿಗರ ಜಡೆಯ ಎಂಬವನು ಬುಟ್ಟಿಯೊಳಗೆ ಇಣುಕಿದ.

"ಇದ್ಯಾಕ್ ಸಾ, ಮನೆ ಯಜಮಾನನ್ನೇ ಈಚ್ಗೆ ಆಕಿದ್ದೀರಿ?"

"ಸುಣ್ಣ ಹಾಕಿಸಿದೆ. ಇನ್ನು ಇದಕ್ಕೆ ಕೆಲಸವಿಲ್ಲ."

"ಕೆಲ್ಸ ಇಲ್ದಿದ್ರೆ ಇರ್ಬಾರ್ದಾ? ನಾವು ಬೆಟ್ಟದ್ ಮ್ಯಾಲಿದ್ದೀವಿ, ಇದು ಬೆಟ್ಟಾನೇ ಬೆನ್ ಮ್ಯಾಲೆ ಒತ್ಕಂಡದೆ. ಭೂಮ್ತಾಯಿ ಮಗಾ ಕಣ್ ಸಾ."

ಬುಟ್ಟಿ ಒಯ್ಯಲು ಬಂದು ನಿಂತಿದ್ದ ಸವರಿಮುತ್ತು ಗಂಟಲು ಸರಿಮಾಡಿಕೊಂಡರು. "ನಮ್ ಬೈಬಲ್ಲಲ್ಲೂ ಅದೇ ಸಾ. ದೇವ್ರು ಆದಾಮನ್ನ ತೋಟದಲ್ಲಿ ಇಟ್ಟಿದ್ದು ಅದನ್ನ ಕಾಯೋಕೆ. ಅಲ್ಲಿದ್ದೋರ್ನ ಬಸ್ಸು ಅತ್ಸೋಕಲ್ಲ."

"ಮತ್ತೆ ಬುಟ್ಟಿ ಒಯ್ಯಲು ಏಕೆ ಒಪ್ಪಿದಿರಿ?"

"ದೇವ್ರು ಕ್ಷಮಿಸ್ತಾನೆ ಸಾ. ನೀವು ಹೆಡ್‌ಮಾಸ್ಟ್ರು!"

ಅಂದು ಬೆಳಿಗ್ಗೆಯೂ ಮಂದರಪರ್ವತ ಹೊತ್ತ ಕೂರ್ಮನಿಗೆ ಕೈಮುಗಿದು, ಒಂಬತ್ತಕ್ಕೆ ಅವನ ಗಡೀಪಾರಿಗೆ ಹುಕುಂ ಹೊರಡಿಸಿದವನು ನಾನು. ಕಾಡಿನವನು, ಇಗರ್ಜಿಯವನು, ಶ್ಲೋಕದವನು ಎಲ್ಲರೂ ಬಂದು ಸೇರಿದ್ದು ಒಂದೇ ಬಾವಿಕಟ್ಟೆಗೆ. ತಡವಾಗಿ ಬಂದವನು ಮಾತ್ರ ಸಮಯಪಾಲನೆಯ ಹೆಡ್‌ಮಾಸ್ತರ.

ಸುಣ್ಣದ ನೀರಿಗೆ ಬಿಟ್ಟರೆ ಆಮೆ ಸತ್ತೀತು. ಆ ನೀರನ್ನೆಲ್ಲ ಸೇದಿ ಚೆಲ್ಲಲು ಮೂವರೂ ಹಗ್ಗ ಹಿಡಿದೆವು. ಸವರಿಮುತ್ತುವಿನ ಬಸ್ಸು ಹೋಯಿತು, ನನ್ನ ಊಟದ ಹೊತ್ತು ಹೋಯಿತು. ಜಡೆಯ ಕೆಳಗಿಳಿದು ತಳದ ಸುಣ್ಣದ ಗಸಿಯನ್ನೆಲ್ಲ ಬಳಿದು ಕೊಟ್ಟು ಮೇಲೆ ಬಂದ. ಸಂಜೆಯ ಹೊತ್ತಿಗೆ ಒರತೆಯ ಹೊಸ ತಿಳಿನೀರು ಮೊಣಕಾಲುದ್ದ ನಿಂತಾಗ ಆಮೆಯನ್ನು ಇಳಿಬಿಟ್ಟೆವು. ಅದು ಮುಳುಗಿತು. ಮತ್ತೆ ಏಳಲಿಲ್ಲ.

"ಸತ್ತಿತೇನೋ ಜಡೆಯ?"

"ಕ್ವಾಪ ಇರಲ್ವಾ ಸಾ? ಸುಮ್ಕಿರಿ."

ಕಟ್ಟೆಯ ಮೇಲೆ ಮೂರು ತಲೆಗಳು ಬಾಗಿದ್ದವು. ಬಹಳ ಹೊತ್ತಿನ ಮೇಲೆ ಕೆಳಗೆ ನಾಲ್ಕನೆಯದು ಮೂಡಿತು. ಅದು ಜಡೆಯನನ್ನು ನೋಡಿತು, ಸವರಿಮುತ್ತುವನ್ನು ನೋಡಿತು. ನನ್ನನ್ನು ಕಂಡದ್ದೇ ಗಬಕ್ಕನೆ ಮುಳುಗಿತು. ಅಷ್ಟು ಚುರುಕಾಗಿದೆಯಲ್ಲ, ಬದುಕಿತು ಎಂದು ನಾನು ಜೋರಾಗಿ ನಕ್ಕೆ.